ಉಸ್ತಾದರ ಎರಡು ಕೋಲು

ಉಸ್ತಾದ್ ದೊಡ್ಡತಮ್ಮಯ್ಯನವರ ಗರಡಿಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಕುಸ್ತಿಯಲ್ಲಿ ಬಿದ್ದವನನ್ನು ಯಾರೂ ಕೈಹಿಡಿದು ಎತ್ತಬಾರದು. ಎಷ್ಟು ಹೊತ್ತಾದರೂ ಸರಿ, ಅವನು ತಾನೇ ಏಳಬೇಕು.

ಅರವತ್ತೆರಡನೇ ವಯಸ್ಸಿನಲ್ಲಿ ಉಸ್ತಾದರಿಗೆ ನ್ಯುಮೋನಿಯಾ ಬಂತು. ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರು. ಜ್ವರವೇನೋ ಇಳಿಯಿತು, ಹೋಗುವಾಗ ಕಾಲಿನ ಕಸುವನ್ನೂ ತೆಗೆದುಕೊಂಡು ಹೋಯಿತು. ಒಂದೇ ಉಸಿರಿಗೆ ನೂರು ಬಸ್ಕಿ ಹೊಡೆಯುತ್ತಿದ್ದ ಕಾಲು ಜೋಳದ ದಂಟಿನಂತಾಯಿತು.

ಶಿಷ್ಯರ ಭಕ್ತಿ ಕೇಳಬೇಕೆ? ಪಾಳಿ ಹಾಕಿಕೊಂಡು ಬಂದರು. ಗುರುಗಳು ಬಚ್ಚಲಿಗೆ ಹೋಗಬೇಕೆಂದರೆ ನಾ ಮುಂದು ತಾ ಮುಂದು ಎಂದು ಎತ್ತಿಕೊಂಡೇ ಹೋಗುವರು. ಅವರ ಪಾದ ನೆಲಕ್ಕೆ ತಾಗಲು ಬಿಡಲಿಲ್ಲ. ಶಿಷ್ಯರೆಂದರೆ ಹೀಗಿರಬೇಕು ಎಂದು ವಾರ್ಡಿನವರೆಲ್ಲ ಹೊಗಳಿದರು. ನಾನಾಗಿದ್ದರೆ ಅಷ್ಟೂ ಜನರಿಗೆ ಚೆನ್ನಾಗಿ ಬೈಯುತ್ತಿದ್ದೆ.

ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಜಸಿಂತಾ ಮೇಡಂ ಎರಡು ನಡೆಗೋಲು ತಂದು ಮಂಚಕ್ಕೆ ಒರಗಿಸಿದರು. ಇವನ್ನು ಊರಿಕೊಂಡು ದಿನಾ ವರಾಂಡದಲ್ಲಿ ನಡೆಯಬೇಕು, ಹೀಗೇ ಇನ್ನೊಂದು ತಿಂಗಳು ಮಲಗಿದರೆ ಈ ಕಾಲು ಮತ್ತೆ ನಿಮ್ಮನ್ನು ಹೊರುವುದು ಅನುಮಾನ ಎಂದರು. ಉಸ್ತಾದರು ಗೋಡೆಯ ಕಡೆ ಮುಖ ತಿರುಗಿಸಿದರು. ಗದೆ ತಿರುಗಿಸಿದ ಕೈಗೆ ಕೋಲು ಬಂತಲ್ಲ ಎಂದು ನಾಚಿಕೆ. ನಾವಿಷ್ಟು ಜನ ಇರುವಾಗ ಗುರುಗಳಿಗೆ ಕೋಲೇಕೆ ಎಂದು ಹಿರಿಯ ಶಿಷ್ಯ ಬೈರೇಶ ಅವನ್ನು ಮಂಚದಡಿಗೆ ತಳ್ಳಿದ.

ಮೇಡಂ ಸಿಟ್ಟಾಗಲಿಲ್ಲ. ನಿನಗೆ ಇಷ್ಟು ಶಕ್ತಿ ಹೇಗೆ ಬಂತಪ್ಪ ಎಂದು ಅವನನ್ನು ಕೇಳಿದರು. ಬೈರೇಶ ಎದೆಯುಬ್ಬಿಸಿ ಗರಡಿಯ ಕಟ್ಟುನಿಟ್ಟು ಹೇಳಿದ.

"ಹಾಗಾದರೆ ಅವರು ಕಲಿಸಿದ್ದನ್ನು ಅವರಿಗೇ ಯಾಕೆ ತಪ್ಪಿಸುತ್ತಿದ್ದೀಯ?" ಎಂದರು ಮೇಡಂ.

ಗೋಡೆಯ ಕಡೆ ತಿರುಗಿದ್ದ ಉಸ್ತಾದರು ನಿಧಾನವಾಗಿ ಹೊರಳಿ, ಕೋಲು ಕೊಡು ಎಂದು ಕೈಚಾಚಿದರು.

ಮೊದಲ ದಿನ ನಾಲ್ಕು ಹೆಜ್ಜೆ, ಮರುದಿನ ಏಳು. ಮೂರನೆಯ ದಿನ ವರಾಂಡದ ನಡುವೆ ಮಂಡಿ ಕುಸಿದು ಬಿದ್ದೇಬಿಟ್ಟರು. ಬೈರೇಶ ಓಡಿಬಂದ.

"ಮುಟ್ಟಬೇಡ ಬೈರೇಶ. ನಿನ್ನನ್ನು ನಾನು ಯಾವತ್ತಾದರೂ ಎತ್ತಿದ್ದೆನಾ?"

ಮೇಡಂ ಪಕ್ಕದಲ್ಲಿ ಕೂತು ಪೆಟ್ಟಾಗಿಲ್ಲವೆಂದು ನೋಡಿಕೊಂಡರು. ಕೋಲುಗಳನ್ನು ಕೈಗೆಟುಕುವಲ್ಲಿ ಇಟ್ಟರು, ಅಷ್ಟೆ. ಬೈರೇಶ ಕೈಕಟ್ಟಿ ನಿಂತು ಅಳುತ್ತಿದ್ದ. ಉಸ್ತಾದರು ಒಂದು ಕೋಲು ಊರಿದರು, ಜಾರಿತು. ಮತ್ತೆ ಊರಿದರು. ಆಮೇಲೆ ಇನ್ನೊಂದು, ಆಮೇಲೆ ಮಂಡಿ. ಬೆವರು ಸುರಿಯಿತು, ಕಾಲು ಗಡಗಡ ನಡುಗಿತು. ಕೊನೆಗೆ ಎದ್ದು ನಿಂತರು. ನಿಂತವರು ಮಂಚಕ್ಕೆ ಮರಳಲಿಲ್ಲ, ಕಿಟಕಿಯವರೆಗೂ ನಡೆದು ಬಂದರು.

ಮನೆಗೆ ಹೊರಟ ದಿನ ಆ ಎರಡು ಕೋಲು ಊರಿಕೊಂಡೇ ಆಸ್ಪತ್ರೆಯ ಗೇಟು ದಾಟಿದರು. ಬೈರೇಶ ಚೀಲ ಹಿಡಿದು ನಾಲ್ಕು ಹೆಜ್ಜೆ ಹಿಂದೆ ನಡೆದ. ಗುರುಗಳನ್ನು ಹೊತ್ತದ್ದು ಭಾರವಾಗಿರಲಿಲ್ಲ, ಕೈಚಾಚದೆ ಹಿಂದೆ ನಡೆದದ್ದೇ ಭಾರವಾಗಿತ್ತು ಎಂದು ಅವನು ಇವತ್ತಿಗೂ ಹೇಳುತ್ತಾನೆ.

ನೀತಿ: ಏಳಬಲ್ಲವನನ್ನು ಹೊತ್ತು ತಿರುಗುವುದು ಸೇವೆಯಲ್ಲ. ಅವನ ಕೈಗೆ ಕೋಲು ಕೊಟ್ಟು, ಅವನು ಏಳುವವರೆಗೆ ಪಕ್ಕದಲ್ಲಿ ನಿಲ್ಲುವುದೇ ಸೇವೆ. ಆ ಕೋಲು ಹಿಡಿಯಲು ನಾಚುವವನು ಕಾಲನ್ನೇ ಕಳೆದುಕೊಂಡಾನು.