ಮಸಿ ಹಚ್ಚದ ಓಲೆ

"ಕೇಳಿ, ಪ್ರಜೆಗಳೇ ಕೇಳಿ! ಅರಮನೆಯ ಓಲೆಮನೆ ನಿಮ್ಮದೇ. ಅಲ್ಲಿರುವ ಯಾವ ಓಲೆಯನ್ನಾದರೂ ಯಾರು ಬೇಕಾದರೂ ನೋಡಬಹುದು. ಅದಕ್ಕೆ ಮೊದಲು ಪ್ರಭುಗಳ ಮೂರು ಒಗಟು ಬಿಡಿಸತಕ್ಕದ್ದು. ಬಿಡಿಸಿದವರಿಗೆ ಓಲೆಯ ಜೊತೆಗೆ ಕೇಳಿದ ವರ. ತಪ್ಪಿದವರಿಗೆ ತಲೆದಂಡ!"

ಹಿರೇಗೆರೆ ಸೀಮೆಯ ಬೀದಿಬೀದಿಯಲ್ಲಿ ಹೀಗೆ ಡಂಗುರ ಸಾರಿದರು. ಅರಸ ಬೊಪ್ಪರಾಯನ ಅಜ್ಜ ಒಳ್ಳೆಯ ಮನುಷ್ಯ. ಅರಮನೆಯಲ್ಲಿ ಬರೆದದ್ದೆಲ್ಲ ಪ್ರಜೆಗಳ ಸೊತ್ತು ಎಂದು ಕಲ್ಲಿನಲ್ಲಿ ಕೆತ್ತಿಸಿ ಸತ್ತಿದ್ದ. ಮೊಮ್ಮಗನಿಗೆ ಆ ಕಲ್ಲು ನುಂಗಲಾರದ ತುತ್ತು. ಹಿರಿಯರ ಶಾಸನ ಅಳಿಸಿದರೆ ವಂಶಕ್ಕೆ ಕೇಡು. ಆದರೆ ಷರತ್ತು ಸೇರಿಸಬಾರದೆಂದು ಅದರಲ್ಲಿ ಎಲ್ಲಿ ಬರೆದಿತ್ತು? ಒಗಟು ಕಟ್ಟುವ ಚಟ ಅವನಿಗೆ ಮೊದಲೇ ಇತ್ತು. ಶಾಸನವೂ ಉಳಿಯಿತು, ಓಲೆಗಳೂ ಒಳಗೇ ಉಳಿದವು.

ಅರಮನೆಯ ಹಿತ್ತಿಲಲ್ಲಿ ದುಗ್ಗ ಎಂಬುವನು ಓಲೆಗೆ ಮಸಿ ಹಚ್ಚುವ ಕೆಲಸಕ್ಕಿದ್ದ. ತಾಳೆಗರಿಯ ಮೇಲೆ ಕಂಠವೆಂಬ ಕಬ್ಬಿಣದ ಮೊನೆಯಿಂದ ಗೀರಿ ಬರೆದರೆ ಅಕ್ಷರ ಕಾಣುವುದಿಲ್ಲ. ದೀಪದ ಮಸಿ ತಿಕ್ಕಿ ಒರೆಸಿದ ಮೇಲೆ ಗೀರಿನಲ್ಲಿ ಕಪ್ಪು ನಿಂತು ಅಕ್ಷರ ಏಳುತ್ತದೆ. ಶಾನುಭೋಗರು ಕೈ ಹೊಲಸಾಗುತ್ತದೆಂದು ಮಸಿ ಮುಟ್ಟುತ್ತಿರಲಿಲ್ಲ. ಅಕ್ಷರ ಏಳುವುದನ್ನು ನೋಡಿ ನೋಡಿಯೇ ದುಗ್ಗ ಓದಲು ಕಲಿತಿದ್ದ.

ಅವನ ಅಪ್ಪ ಕೆಂಚ ಹಿರೇಗೆರೆಯ ತೂಬು ಕಾಯುವ ನೀರುಗಂಟಿ. ಎರಡು ವರ್ಷದ ಹಿಂದೆ ಕೆರೆ ತುಂಬಿ ಕೋಡಿ ಹರಿಯುತ್ತಿದ್ದಾಗ ಅವನು ತೂಬನ್ನು ಪೂರಾ ಎತ್ತಿದ. ಕೆರೆಯ ಕೆಳಗಿದ್ದ ಕೆಳಗೇರಿ ಮೂವತ್ತೆರಡು ಜನರ ಸಮೇತ ಕೊಚ್ಚಿಹೋಯಿತು. ಅರಮನೆಯಿಂದ ಅಪ್ಪಣೆ ಬಂದಿತ್ತೆಂದು ಕೆಂಚ ಹೇಳಿದ. ಅಂಥ ಓಲೆಯೇ ಇಲ್ಲವೆಂದು ಅರಮನೆ ಹೇಳಿತು. ಯಾರ ಮಾತು ನಡೆಯಿತೆಂದು ಹೇಳಬೇಕೇ? ಕೆಂಚನನ್ನು ಸೆರೆಗೆ ಹಾಕಿದರು. ಮಗನಿಗೂ ಮುಖ ತೋರಿಸಲಿಲ್ಲ. ಕೆಂಚನ ಹೆಂಡತಿ ನಿಂಗವ್ವ ಪ್ರತಿ ಸೋಮವಾರ ಸೆರೆಮನೆಯ ಬಾಗಿಲಿಗೆ ಹೋಗಿ ಬುತ್ತಿ ಕೊಟ್ಟು ಬರುತ್ತಿದ್ದಳು.

ಡಂಗುರ ಕೇಳಿ ದುಗ್ಗ ಹೊರಟು ನಿಂತಾಗ ಅವಳು ಅಡ್ಡ ಬಂದಳು.

"ಬ್ಯಾಡ ಕಣಪ್ಪ. ಆ ಅರಮನೆಗೆ ಒಬ್ಬರನ್ನ ಕೊಟ್ಟಾಯ್ತು."

"ಅಪ್ಪ ಸುಳ್ಳು ಹೇಳಿಲ್ಲ ಅಂತ ಊರಿಗೆ ಗೊತ್ತಾಗೋದು ಬ್ಯಾಡ್ವಾ ಅವ್ವಾ? ಓಲೆ ಸಿಕ್ಕಿದ್ರೆ ಅಪ್ಪನ್ನ ಕರ್ಕೊಂಡೇ ಬರ್ತೀನಿ."

ಸಭೆಯಲ್ಲಿ ಅವನಿಗಿಂತ ಮೊದಲು ಇಬ್ಬರು ನಿಂತಿದ್ದರು. ಮೂರು ಒಗಟಿನಲ್ಲಿ ಯಾವುದನ್ನು ಮೊದಲು ಕೇಳುವುದೆಂಬುದು ಅರಸನ ಮರ್ಜಿ. ಹೆಸರಿನ ಆಸೆಗೆ ಬಂದ ನರಹರಿ ಪಂಡಿತನನ್ನು ಅರಸ ಕೇಳಿದ: "ಊರವರೇ ತಂದು ತುಂಬಿದ್ದು, ಊರವರ ಕಣ್ಣಿಗೆ ಮಾತ್ರ ಬೀಳದ್ದು. ಯಾವುದು?" ಪಂಡಿತ ನಾಲ್ಕು ಶ್ಲೋಕ ಹೇಳಿ, ನೆಲದಲ್ಲಿ ಹೂತ ನಿಧಿ ಎಂದ. ತಪ್ಪಾಗಿತ್ತು. ಭಟರು ಅವನನ್ನು ಎಳೆದೊಯ್ದರು.

ಜಮೀನಿನ ಗಡಿಯ ಓಲೆಗಾಗಿ ಬಂದಿದ್ದ ಹೊಸಹಳ್ಳಿ ಗೌಡನಿಗೆ ಇನ್ನೊಂದು: "ಗಾಯ ಮಾಡಿದರೆ ಸುಮ್ಮನಿರುತ್ತದೆ, ಮೈಗೆ ಮಸಿ ಬಳಿದರೆ ಮಾತಾಡುತ್ತದೆ." ಗೌಡ ಮೀಸೆ ತಿರುವಿ, "ಕಳ್ಳ. ನಮ್ಮೂರಲ್ಲಿ ಹಾಗೇ ಬಾಯಿ ಬಿಡಿಸ್ತೀವಿ" ಎಂದ. ಅವನ ಕತೆಯೂ ಅಲ್ಲಿಗೆ ಮುಗಿಯಿತು.

ಆಮೇಲೆ ದುಗ್ಗ ನಿಂತ. ಅವನ ಕಪ್ಪು ಕೈ ನೋಡಿ ಸಭೆ ನಕ್ಕಿತು. ಅರಸ ಅವನಿಗೂ ಅವೇ ಎರಡು ಒಗಟು ಕೇಳಿದ.

"ಮೊದಲನೇದು ಓಲೆಮನೆ, ಬುದ್ಧೀ. ಹುಟ್ಟು, ಸಾವು, ಗದ್ದೆ, ಗಡಿ ಎಲ್ಲ ನಾವೇ ಬಂದು ಬರೆಸಿದ್ದು. ನೋಡೋಕೆ ಮಾತ್ರ ನಮಗಿಲ್ಲ. ಎರಡನೇದು ತಾಳೆಗರಿ. ಅದು ನನ್ನ ದಿನದ ಕೂಲಿ."

ನಗು ನಿಂತಿತು. ಅರಸ ಮುಂದೆ ಬಾಗಿ ಮೂರನೆಯದನ್ನು ಕೇಳಿದ: "ಬಾಯಲ್ಲಿ ಹುಟ್ಟಿ ಬೇರೆಯವರ ಕೈಯಲ್ಲಿ ಬೆಳೆಯುತ್ತದೆ. ಒಳ್ಳೆಯದಾದರೆ ಹೆತ್ತವರು ಮೆರೆಯುತ್ತಾರೆ, ಕೆಟ್ಟದ್ದಾದರೆ ಅದಕ್ಕೆ ಹೆತ್ತವರೇ ಇರುವುದಿಲ್ಲ."

ಉತ್ತರ ದುಗ್ಗನಿಗೆ ಕೂಡಲೇ ಹೊಳೆಯಿತು. ಹೇಳಿದರೆ ತಲೆ ಉಳಿಯುತ್ತದೋ ಇಲ್ಲವೋ ಎಂಬುದೇ ಹೊಳೆಯಲಿಲ್ಲ.

"ಅರಮನೆಯ ಅಪ್ಪಣೆ, ಬುದ್ಧೀ. ಕೆಟ್ಟರೆ ಅದು ನೀರುಗಂಟಿಯ ಕೊರಳಿಗೆ ಬೀಳುತ್ತೆ."

ತನ್ನ ಒಗಟು ಬಿಡಿಸುವವನೊಬ್ಬ ಸಿಕ್ಕಿದನೆಂದು ಅರಸ ಚಪ್ಪಾಳೆ ತಟ್ಟಿದ. ಮಾತಿನ ಬಿಸಿ ಆಮೇಲೆ ತಟ್ಟಿತು. ಆಗ ಎಲ್ಲರೂ ನೋಡುತ್ತಿದ್ದರು, ಹಿಂದೆಗೆಯುವಂತಿರಲಿಲ್ಲ.

ಕೆಳಗೇರಿ ಮುಳುಗಿದ ದಿನದ ಓಲೆ ಬೇಕೆಂದು ದುಗ್ಗ ಕೇಳಿದ. ಶಾನುಭೋಗ ತಂದ ಗರಿ ಬರಿದಾಗಿತ್ತು. ನೋಡಪ್ಪಾ, ಏನೂ ಬರೆದಿಲ್ಲ ಎಂದು ಎತ್ತಿ ತೋರಿಸಿದ. ರಾಜಮುದ್ರೆಯ ಓಲೆಯನ್ನು ಸುಡುವುದು ದ್ರೋಹ. ಅದಕ್ಕೇ ಬಚ್ಚಿಡಬೇಕಾದ್ದಕ್ಕೆಲ್ಲ ಮಸಿ ಹಚ್ಚಿಸದೆ ಇಡುವುದು ಅಲ್ಲಿಯ ಪದ್ಧತಿ. ಮಸಿ ಮುಟ್ಟದವರ ಜಾಣತನ ಅಷ್ಟೇ. ದುಗ್ಗ ಸಿಂಹಾಸನದ ಪಕ್ಕದ ನಂದಾದೀಪದ ಮಸಿಯನ್ನು ಬೆರಳಿಗೆ ಹತ್ತಿಸಿಕೊಂಡು ಗರಿಯನ್ನು ತಿಕ್ಕಿದ. ಅಕ್ಷರ ಒಂದೊಂದಾಗಿ ಎದ್ದಿತು. ಅವನು ಗಟ್ಟಿಯಾಗಿ ಓದಿದ: "ಕೆರೆಯ ನೀರು ಹೂದೋಟಕ್ಕೆ ಏರುತ್ತಿದೆ. ತೂಬು ಪೂರಾ ಎತ್ತಿಸುವುದು." ಕೆಳಗೆ ರಾಜಮುದ್ರೆ.

ಒಂದು ಹೂದೋಟ. ಮೂವತ್ತೆರಡು ಜನ.

ಅರಸ ಗಂಟಲು ಸರಿಮಾಡಿಕೊಂಡು ವರ ಕೇಳೆಂದ. ಅಪ್ಪನನ್ನು ಬಿಡಿ ಎಂದು ದುಗ್ಗ ಕೇಳಿದ. ಸೆರೆಮನೆಯ ಅಧಿಕಾರಿಯನ್ನು ಕರೆಸಿದರು. ಅವನು ನೆಲ ನೋಡುತ್ತ ನಿಂತ.

"ಕೆಂಚ ಕಳೆದ ಕಾರ್ತಿಕದಲ್ಲೇ ತೀರಿಕೊಂಡ, ಮಹಾಪ್ರಭು. ಆಗಲೇ ಬರೆದು ಓಲೆಮನೆಗೆ ಕಳಿಸಿದ್ದೆ. ಕೇಳಿದ್ದರೆ ತೋರಿಸುತ್ತಿದ್ದರು."

ದುಗ್ಗ ಮೆಲ್ಲಗೆ ಕೇಳಿದ: "ಮೊನ್ನೆ ಸೋಮವಾರದ ಬುತ್ತಿ ಯಾರು ಉಂಡ್ರಿ?"

ಆ ಪ್ರಶ್ನೆಗೆ ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದ. ಬಾಕಿ ಮೂರು ಒಗಟಿಗಿಂತ ಅದು ಸುಲಭದ್ದೇ ಆಗಿತ್ತು.

ಚಿನ್ನ ಕೇಳು, ಊರು ಕೇಳು ಎಂದ ಅರಸ. ದುಗ್ಗ ಓಲೆಮನೆಯ ಬಾಗಿಲು ಕೇಳಿದ. ಮರದ ಬಾಗಿಲು ತಾನೇ ಎಂದು ಅರಸ ಕೊಟ್ಟುಬಿಟ್ಟ. ದುಗ್ಗ ಅದನ್ನು ಕಿತ್ತು ಅರಮನೆಯ ಅಂಗಳದಲ್ಲೇ ಸುಟ್ಟ. ಮೇಲೆ ಮಡಕೆ ಬೋರಲು ಹಾಕಿ ಮಸಿ ಹಿಡಿದ. ಬರಿದಾಗಿ ಕಂಡ ಓಲೆಗಳನ್ನೆಲ್ಲ ತಂದು ಆ ಮಸಿಯಲ್ಲಿ ತಿಕ್ಕತೊಡಗಿದ. ಕೆಳಗೇರಿಯಲ್ಲಿ ಬದುಕಿ ಉಳಿದಿದ್ದವರು ಸುತ್ತ ಕೂತು ಕೇಳಿದರು. ಮೊದಲು ಎದ್ದದ್ದು ಒಂದು ಪುಟ್ಟ ಓಲೆ: "ನೀರುಗಂಟಿ ಕೆಂಚ. ಸತ್ತ. ಕೇಳುವವರಿಲ್ಲ."

ಅವರ ನಡುವೆ ಕೂತಿದ್ದ ನಿಂಗವ್ವ ಅದನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ ಆ ಗರಿಯನ್ನು ಮಡಿಲಿಗೆ ಹಾಕಿಕೊಂಡು ಮನೆಗೆ ನಡೆದಳು.

ಅಂದಿನಿಂದ ಆ ಓಲೆಮನೆಗೆ ಬಾಗಿಲಿಲ್ಲ. ಅರಮನೆಯಲ್ಲಿ ಅಪ್ಪಣೆ ಬರೆಯುವುದೂ ಅಂದಿಗೇ ನಿಂತಿತು. ಎಲ್ಲ ಕಿವಿಮಾತಿನಲ್ಲೇ ನಡೆಯಿತು. ಕಿವಿಯಲ್ಲಿ ಹೇಳಿದ್ದಕ್ಕೆ ಮಸಿ ಹಚ್ಚುವುದು ಹೇಗೆಂದು ದುಗ್ಗನಿಗೂ ತಿಳಿಯಲಿಲ್ಲ.