ತೊಳೆಯದ ಗೋಣಿಚೀಲ

ಹೊಸ ಮನೆಗೆ ಹಳೆಯ ಕೊಳೆ ಬೇಡವೆಂದು ನಾಗವ್ವ ಚಾಪೆ, ಚಾದರ, ಪರದೆ ಎಲ್ಲವನ್ನೂ ಒಗೆದು ಹಾಕಿದಳು. ಬೆಕ್ಕು ಮಲಗುತ್ತಿದ್ದ ಗೋಣಿಚೀಲವೊಂದೇ ಬಕೆಟ್ಟಿನ ಪಕ್ಕ ತನ್ನ ಸರದಿ ಕಾಯುತ್ತಿತ್ತು. ಹೊಸ ಜಾಗದಲ್ಲಿ ತಪ್ಪಿಸಿಕೊಳ್ಳದಿರಲೆಂದು ಬೆಕ್ಕನ್ನು ಕಂಬಕ್ಕೆ ಕಟ್ಟಿದ್ದ ಹಗ್ಗ ಚೀಲವನ್ನು ನೋಡಿ ಮೂಗು ಮುರಿಯಿತು.

“ಏನು ನಾತವಯ್ಯ ನಿನ್ನದು! ಬೆಕ್ಕನ್ನು ಉಳಿಸಿಕೊಂಡಿರುವವನು ನಾನು. ನೀನಿದ್ದು ಏನು ಪ್ರಯೋಜನ?”

“ನಾತವಲ್ಲಪ್ಪ, ಅದು ಬೆಕ್ಕಿನದೇ ಮೈವಾಸನೆ,” ಎಂದಿತು ಚೀಲ.

ಅಷ್ಟರಲ್ಲಿ ಪಕ್ಕದ ಮನೆಯ ಕುಕ್ಕರ್ ಕೂಗಿತು. ಬೆದರಿದ ಬೆಕ್ಕು ಕುಣಿಕೆಯಿಂದ ಕತ್ತು ಬಿಡಿಸಿಕೊಂಡು ಗೋಡೆ ಹಾರಿ ಓಡಿತು. ಹೊಸ ಓಣಿಯಲ್ಲಿ ಅದಕ್ಕೆ ಎಲ್ಲ ಬಾಗಿಲೂ ಒಂದೇ. ನಾಗವ್ವ ಗಂಟಲು ಹರಿಯುವಂತೆ ಕೂಗಿ ಬರಿಗೈಲಿ ಮರಳಿದಳು.

“ನಾನಂತೂ ಗಟ್ಟಿಯಾಗಿಯೇ ಹಿಡಿದಿದ್ದೆ,” ಎಂದಿತು ಹಗ್ಗ.

ನಾಗವ್ವ ಚೀಲವನ್ನೆತ್ತಿ ಮೂಸಿದಳು. ಸೋಪಿನ ನೀರಿಗೆ ಹಾಕಲು ಕೈ ಬರಲಿಲ್ಲ; ಹೊಸ್ತಿಲಾಚೆ ಕೊಡವಿ ಹಾಸಿದಳು. ಗಾಳಿ ಅದರ ವಾಸನೆಯನ್ನು ಓಣಿಗೆಲ್ಲ ಒಯ್ದಿತು. ದೀಪ ಹಚ್ಚುವ ಹೊತ್ತಿಗೆ ಬೆಕ್ಕು ಮೂಸುತ್ತ ಮೂಸುತ್ತ ಬಂದು ಅದರ ಮೇಲೆ ಮುದುಡಿ ಮಲಗಿತು.

“ಅಷ್ಟು ದೂರದಿಂದ ಹೇಗಯ್ಯ ಎಳೆದೆ?” ಹಗ್ಗ ಕೇಳಿತು.

“ಎಳೆಯಲಿಲ್ಲಪ್ಪ. ಅದು ಮಲಗಿ ಎದ್ದ ಜಾಗವನ್ನು ಹಾಗೇ ಇಟ್ಟುಕೊಂಡಿದ್ದೆ.”

ಮರುದಿನ ನಾಗವ್ವ ಹಗ್ಗವನ್ನು ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿದಳು. ಚೀಲವೂ ಒಗೆಸಿಕೊಂಡು ತನ್ನ ಮೇಲೆ ನೇತಾಡಲು ಬಂದೇ ಬರುತ್ತದೆಂದು ಅದು ಇನ್ನೂ ಕಾಯುತ್ತಿದೆ.