ಹ್ಯಾಟೆಯೋ ಹುಂಜವೋ

ಹೊಳೆ ದಂಡೆಯಲ್ಲಿ ಅಡವಯ್ಯನವರ ಆಶ್ರಮ. ಆಶ್ರಮವೆಂದರೆ ಒಂದು ಗುಡಿಸಲು, ಒಂದು ಜಗಲಿ, ಕರಿಸಿದ್ದನೆಂಬ ಒಬ್ಬ ಶಿಷ್ಯ. ಗುರುಗಳು ದನಕರು, ಕೋಳಿಗಳಿಗೂ ಮದ್ದು ಕೊಡುತ್ತಿದ್ದರು. ಜನ ಮೋಕ್ಷ ಕೇಳಲು ಬಂದದ್ದಕ್ಕಿಂತ ಕೋಳಿಯ ವಿಚಾರಕ್ಕೆ ಬಂದದ್ದೇ ಹೆಚ್ಚು.

ಒಂದು ದಿನ ಹೊಳೆಯಾಚೆಯ ದ್ಯಾವಮ್ಮ ಬಂದಳು. ಮಡಿಲಲ್ಲಿ ಒಂದು ಎಳೆಯ ಕೋಳಿ.

"ಬುದ್ಧಿ, ಇದು ಹ್ಯಾಟೆಯೋ ಹುಂಜವೋ ನೋಡಿ ಹೇಳಿ. ನನ್ನ ತವರಿನ ತಳಿ. ರೋಗ ಬಂದು ಎಲ್ಲಾ ಹೋದವು, ಉಳಿದದ್ದು ಇದೊಂದೇ. ನಾಳೆ ಮಗಳು, ಅಳಿಯ ಮೊದಲ ಸಲ ಬರ್ತಾವ್ರೆ. ಹ್ಯಾಟೆಯಾದ್ರೆ ಮಗಳ ಮಡಿಲಿಗೆ ಹಾಕಿ ಕಳಿಸ್ತೀನಿ. ನಮ್ಮವ್ವ ನನಗೂ ಹಂಗೇ ಕೊಟ್ಟಿದ್ದು. ಹುಂಜವಾದ್ರೆ ಅಳಿಯನಿಗೆ ಕುಯ್ಯೋದು."

ಗುರುಗಳು ಕೋಳಿಯನ್ನು ಎತ್ತಿ, ತಿರುಗಿಸಿ, ರೆಕ್ಕೆ ಬಿಡಿಸಿ ನೋಡಿದರು.

"ಗೊತ್ತಾಗ್ತಿಲ್ಲ ತಾಯಿ. ಬೆನ್ನಿನ ಮೇಲೆ ಚೂಪು ಗರಿ ಬಂದರೆ ಹುಂಜ. ಅದಕ್ಕೆ ಇನ್ನೂ ಸ್ವಲ್ಪ ದಿನ ಕಾಯಬೇಕು."

"ಅಳಿಯ ಕಾಯ್ತಾನಾ ಬುದ್ಧಿ?"

"ಅವನಿಗೆ ಸೊಪ್ಪಿನ ಸಾರು ಮಾಡಿ ಬಡಿಸು."

ದ್ಯಾವಮ್ಮನ ಮುಖ ಸಪ್ಪಗಾಯಿತು. ಕೈಮುಗಿದು ಹೊರಟಳು.

ಗೊತ್ತಿಲ್ಲ ಅನ್ನುವುದಕ್ಕೆ ಗುರುಗಳಿಗೆ ನಾಚಿಕೆಯಿರಲಿಲ್ಲ. ಶಿಷ್ಯನಿಗಿತ್ತು. ಇಷ್ಟು ದೂರ ಬಂದವಳು ಉತ್ತರವಿಲ್ಲದೆ ಹೋದರೆ ಆಶ್ರಮದ ಮರ್ಯಾದೆ ಏನಾಗಬೇಕು ಅಂದುಕೊಂಡ ಪುಣ್ಯಾತ್ಮ. ಬೇಲಿಯವರೆಗೆ ಅವಳ ಹಿಂದೆಯೇ ಓಡಿದ.

"ಹುಂಜವೇ ಅಮ್ಮಾ, ಅನುಮಾನ ಬೇಡ. ಕಾಲು ನೋಡು, ಎಷ್ಟು ದಪ್ಪ. ಜುಟ್ಟು ಆಗಲೇ ಕೆಂಪಾಗಿದೆ. ಎದೆ ಸೆಟೆದು ನಿಂತಿದೆ."

"ದಿಟವಾಗ್ಲೂ?"

"ದಿಟವಾಗ್ಲೂ."

ಮಾರನೆಯ ಸಂಜೆ ದ್ಯಾವಮ್ಮ ಮತ್ತೆ ಬಂದಳು. ಕೂರಲಿಲ್ಲ. ಒಂದು ಮುತ್ತುಗದ ಎಲೆ ಬಿಚ್ಚಿ ಕರಿಸಿದ್ದನ ಮುಂದಿಟ್ಟಳು. ಎಲೆಯಲ್ಲಿ ಸಾಸಿವೆಯಷ್ಟು ಸಣ್ಣ ಕಾಳುಗಳ ಒಂದು ಗೊಂಚಲು. ಮೊಟ್ಟೆಯಾಗಬೇಕಾಗಿದ್ದವು.

"ಕುಯ್ದ ಮೇಲೆ ಹೊಟ್ಟೇಲಿ ಸಿಕ್ತು ಸಾಮಿ. ಅಳಿಯ ಚೆನ್ನಾಗೈತೆ ಅಂತ ಉಂಡ. ಮಗಳು ಉಣ್ಣಲಿಲ್ಲ. ಬರಿಗೈಲಿ ಹೋದ್ಲು."



ಗುರುಗಳು ಎದ್ದುಹೋಗಿ, ಹಿತ್ತಲಲ್ಲಿ ಮೇಯುತ್ತಿದ್ದ ಆಶ್ರಮದ ಹ್ಯಾಟೆಯೊಂದನ್ನು ಹಿಡಿದು ತಂದು ಅವಳ ಕೈಗೆ ಕೊಟ್ಟರು. ಅವಳು ಅದರ ಬೆನ್ನು ಸವರಿದಳು. ಆಮೇಲೆ ಮೆಲ್ಲಗೆ ನೆಲಕ್ಕೆ ಬಿಟ್ಟಳು.

"ಒಳ್ಳೇ ಕೋಳಿ ಬುದ್ಧಿ. ಆದ್ರೆ ನಮ್ಮವ್ವಂದಲ್ಲ."

ಅವಳು ಹೋದ ಮೇಲೆ ಕರಿಸಿದ್ದ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಕೇಳಿದ:

"ನಾನು ನೋಡಿದ ಗುರುತುಗಳೆಲ್ಲ ಸುಳ್ಳೇ ಗುರುಗಳೇ?"

"ಬೇರೆ ತಳಿಯಲ್ಲಿ ನಿಜ ಇರಬಹುದು. ಇದು ಕಾಳಗದ ಜಾತಿ. ಇದರಲ್ಲಿ ಹ್ಯಾಟೆಗಳ ಕಾಲೂ ದಪ್ಪ, ಅವೂ ಎದೆ ಸೆಟೆದೇ ನಿಲ್ಲುತ್ತವೆ."

"ಹಾಗಾದರೆ ಅದು ಹ್ಯಾಟೆ ಅಂತ ನಿಮಗೆ ಗೊತ್ತಿತ್ತು."

"ಇಲ್ಲಪ್ಪ. ಹುಂಜವೂ ಆಗಿರಬಹುದಿತ್ತು."

ಶಿಷ್ಯ ಕಣ್ಣೊರೆಸಿಕೊಂಡ. ಮುಳುಗುವವನಿಗೆ ಏನೋ ಕೈಗೆ ಸಿಕ್ಕಂತಾಯಿತು.

"ಅಂದರೆ ನನ್ನ ಮಾತು ನಿಜವೂ ಆಗಬಹುದಿತ್ತಲ್ಲವೇ?"

ಗುರುಗಳು ಬಗ್ಗಿ ಮುತ್ತುಗದ ಎಲೆಯನ್ನು ಮಡಿಸಿದರು.

"ಆಗಬಹುದಿತ್ತು. ಆಗ ಊರಿನವರೆಲ್ಲ ತಮ್ಮ ತಮ್ಮ ಕೋಳಿ ಹಿಡಿದುಕೊಂಡು ನಿನ್ನ ಹತ್ತಿರ ಬರುತ್ತಿದ್ದರು."